ಪದಚರ್ಚೆ: ಕಾಲೇಜು ಆಟಗಾರನಿಗೆ ಕೊಡುವುದು ವೇತನವೋ, ಸಂಭಾವನೆಯೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಕನ್ನಡ ಕೂಟದ ಪತ್ರಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ನಡೆಯುತ್ತಿರುವ ದುಡ್ಡಿನ ಜಗಳ ಅದರ ವಿಷಯ. ನಾನಿರುವುದು ಒಹಾಯೋದಲ್ಲಿ. ಇಲ್ಲಿ ಶನಿವಾರ ಕಾಲೇಜು ಆಟ, ಭಾನುವಾರ ಎನ್‌ಎಫ್‌ಎಲ್, ಅಂದರೆ ಸಂಬಳಕ್ಕೆ ಆಡುವ ವೃತ್ತಿಪರರ ಲೀಗು. ಊರಿಂದ ಬಂದ ಅಪ್ಪ ಅಮ್ಮಂದಿರು ಟೀವಿ ಮುಂದೆ ಕೂತು, ‘ಈ ಹುಡುಗರು ಓದೋದು ಯಾವಾಗ? ಇವರಿಗೆ ಸಂಬಳ ಕೊಡ್ತಾರಾ?’ ಅಂತ ಕೇಳುತ್ತಾರೆ. ಎರಡನೇ ಪ್ರಶ್ನೆಗೆ ಇಂಗ್ಲಿಷಿನಲ್ಲೇ ನೆಟ್ಟಗೆ ಉತ್ತರವಿಲ್ಲ. ಕನ್ನಡದಲ್ಲಿ ಬರೆಯಲು ಕೂತರೆ ಒಂದೊಂದು ಪದವೂ ಯಾವುದಾದರೂ ಒಂದು ಪಕ್ಷ ಹಿಡಿಯುತ್ತದೆ. ಅದಕ್ಕೇ ಈ ಓಲೆ.

ಆಟದ ಹೆಸರಿನ ಚರ್ಚೆ ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ. ಕಾಲ್ಚೆಂಡು ಅಂದರೆ ನಮಗೆ ಸಾಕರ್. ಇಲ್ಲಿನ ಆಟದಲ್ಲಿ ಚೆಂಡು ಕಾಲಿಗೆ ತಾಗುವುದೇ ಕಡಿಮೆ. ಅಮೆರಿಕನ್ ಫುಟ್‌ಬಾಲ್ ಅಂತ ಬರೆದು ಮುಂದೆ ಹೋಗುತ್ತೇನೆ.

ನನ್ನ ತೊಡಕು ಶುರುವಾಗುವುದು ‘ವಿದ್ಯಾರ್ಥಿವೇತನ’ದಿಂದ. ಸ್ಕಾಲರ್‌ಶಿಪ್‌ಗೆ ನಾವು ಶಾಲೆಯ ದಿನಗಳಿಂದ ಬಳಸುತ್ತಾ ಬಂದ ಪದ. ಅದರೊಳಗೆ ‘ವೇತನ’ ಕೂತಿದೆ ಅಂತ ಯಾರೂ ಯೋಚಿಸುವುದಿಲ್ಲ. ಆದರೆ ಇಲ್ಲಿ ಎಪ್ಪತ್ತು ವರ್ಷಗಳಿಂದ ಕೋರ್ಟುಗಳಲ್ಲಿ ವಾದ ನಡೆಯುತ್ತಿರುವುದೇ ಅದರ ಮೇಲೆ. ಆಟಗಾರನಿಗೆ ಕೊಡುವ ಸ್ಕಾಲರ್‌ಶಿಪ್ ವೇತನ ಹೌದೋ ಅಲ್ಲವೋ? ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ‘ಖಂಡಿತ ಅಲ್ಲ’ ಅನ್ನುತ್ತಾ ಬಂದಿದೆ. ನಾನು ‘ಆಟಗಾರರಿಗೆ ವಿದ್ಯಾರ್ಥಿವೇತನ ಸಿಗುತ್ತದೆ’ ಅಂತ ಬರೆದ ಕೂಡಲೇ ಆ ಸಂಸ್ಥೆ ಕನ್ನಡದಲ್ಲಿ ಕೇಸು ಸೋತ ಹಾಗೆ!

ಇದು ಪದದ ಚಮತ್ಕಾರ ಮಾತ್ರ ಅಲ್ಲ ಅಂತ ತೋರಿಸಲು ಎರಡು ಕೇಸು ಹೇಳುತ್ತೇನೆ. ಎರಡೂ ಕೊಲೊರಾಡೊ ರಾಜ್ಯದವು. ಡೆನ್ವರ್ ವಿಶ್ವವಿದ್ಯಾಲಯದಲ್ಲಿ ನೆಮೆತ್ ಅನ್ನುವ ಹುಡುಗ ಫುಟ್‌ಬಾಲ್ ಆಡುತ್ತಿದ್ದ. ಕ್ಯಾಂಪಸ್ಸಿನ ಟೆನಿಸ್ ಅಂಗಳ ಚೊಕ್ಕವಾಗಿಡುವ ಕೆಲಸಕ್ಕೆ ತಿಂಗಳಿಗೆ 50 ಡಾಲರ್ ಸಿಗುತ್ತಿತ್ತು. ಅಭ್ಯಾಸದಲ್ಲಿ ಪೆಟ್ಟಾಯಿತು. ತಂಡದಲ್ಲಿ ಇದ್ದರೆ ಮಾತ್ರ ಆ ಕೆಲಸ, ತಂಡ ಬಿಟ್ಟರೆ ಅದೂ ಇಲ್ಲ. ಹಾಗಾಗಿ ಅವನು ಕೆಲಸಗಾರನೇ, ಪರಿಹಾರ ಕೊಡಿ ಅಂತ ರಾಜ್ಯದ ಸುಪ್ರೀಂ ಕೋರ್ಟು 1953ರಲ್ಲಿ ಹೇಳಿತು. 1955ರಲ್ಲಿ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನಿಸನ್ ಆಟದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಅವನ ಹೆಂಡತಿ ಪರಿಹಾರ ಕೇಳಿದರು. 1957ರಲ್ಲಿ ಅದೇ ಕೋರ್ಟು ‘ಕಾಲೇಜು ಫುಟ್‌ಬಾಲ್ ವ್ಯಾಪಾರ ಮಾಡುತ್ತಿಲ್ಲ’ ಅಂತ ಅವರನ್ನು ಬರಿಗೈಲಿ ಕಳಿಸಿತು.

ಈ ಎರಡು ಕೇಸುಗಳ ನಡುವೆ ಹುಟ್ಟಿದ ಪದವೇ ‘ಸ್ಟೂಡೆಂಟ್ ಅಥ್ಲೀಟ್’. ಹುಟ್ಟಿಸಿದವರು ಆಗ ಎನ್‌ಸಿಎಎ ಮುಖ್ಯಸ್ಥರಾಗಿದ್ದ ವಾಲ್ಟರ್ ಬೈಯರ್ಸ್. ಆಟಗಾರರನ್ನು ಕೋರ್ಟು ಕೆಲಸಗಾರರು ಅಂದುಬಿಡುತ್ತದೆ ಎಂಬ ಭಯಕ್ಕೆ ಈ ಪದ ತಂದೆವು, ಎಲ್ಲ ಕಡೆ ಇದನ್ನೇ ಬಳಸುವಂತೆ ಮಾಡಿದೆವು ಅಂತ ಅವರೇ 1995ರ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಆ ಹೊತ್ತಿಗೆ ನಿವೃತ್ತರಾಗಿದ್ದರು, ಬರೆಯಲು ಧೈರ್ಯ ಬಂದಿತ್ತು ಅನ್ನಿ.

ಈಗ ಇದಕ್ಕೆ ಕನ್ನಡ ಏನು? ‘ವಿದ್ಯಾರ್ಥಿ ಆಟಗಾರ’ ಅನ್ನೋಣವೋ, ‘ಆಟಗಾರ ವಿದ್ಯಾರ್ಥಿ’ ಅನ್ನೋಣವೋ? ನಮ್ಮಲ್ಲಿ ತೂಕ ಬೀಳುವುದು ಕೊನೆಯ ಪದದ ಮೇಲೆ. ಮೊದಲನೆಯದರಲ್ಲಿ ಅವನು ಆಟಗಾರ, ಜೊತೆಗೆ ಓದುತ್ತಾನೆ. ಎರಡನೆಯದರಲ್ಲಿ ಅವನು ವಿದ್ಯಾರ್ಥಿ, ಜೊತೆಗೆ ಆಡುತ್ತಾನೆ. ಬೈಯರ್ಸ್ ಅವರಿಗೆ ಬೇಕಾಗಿದ್ದ ಅರ್ಥ ಎರಡನೆಯದು. ಶನಿವಾರ ಮೈದಾನದಲ್ಲಿ ಕಾಣುವುದು ಮೊದಲನೆಯದು. ಸಂಸ್ಥೆಯ ಮಾತನ್ನು ಹೇಳುವಾಗ ‘ಆಟಗಾರ ವಿದ್ಯಾರ್ಥಿ’, ನನ್ನ ಮಾತಿನಲ್ಲಿ ಬರೀ ‘ಆಟಗಾರ’ ಅಂತ ಬಳಸುವ ಯೋಚನೆ ನನ್ನದು. ‘ಕ್ರೀಡಾಪಟು’ ಬೇಡ. ಅದು ಪದಕ ಕೊರಳಿಗೆ ಹಾಕಿಕೊಂಡವರ ಫೋಟೋ ಅಡಿ ಬರೆಯುವ ಪದ.

ಮತ್ತೆ ಸ್ಕಾಲರ್‌ಶಿಪ್‌ಗೆ ಬರುತ್ತೇನೆ. ನಮ್ಮ ಸರ್ಕಾರದ ವಿದ್ಯಾರ್ಥಿವೇತನ ಹುಡುಗನ ಖಾತೆಗೆ ಬರುವ ದುಡ್ಡು. ಇಲ್ಲಿ ಆಟಗಾರನಿಗೆ ಸಿಗುವುದು ಬಹುಮಟ್ಟಿಗೆ ಶುಲ್ಕ ಮಾಫಿ, ಪುಸ್ತಕ, ರೂಮು, ಊಟ. ಹಳೆಯ ‘ವಾರಾನ್ನ’ ನೆನಪಾಗುತ್ತದೆ ಅಲ್ವಾ? ಆದರೆ ವಾರಾನ್ನ ಹಾಕಿದ ಮನೆಯವರು ಪ್ರತಿಯಾಗಿ ಏನೂ ಕೇಳುತ್ತಿರಲಿಲ್ಲ. ಇಲ್ಲಿ ಕೋಚ್ ಕೇಳುತ್ತಾನೆ. 1973ರಿಂದ ಬಹಳ ಕಾಲ ಈ ಸ್ಕಾಲರ್‌ಶಿಪ್ ಒಂದೊಂದೇ ವರ್ಷಕ್ಕೆ ಕೊಡುತ್ತಿದ್ದರು. ಮುಂದಿನ ವರ್ಷಕ್ಕೆ ಕೊಡಬೇಕೋ ಬೇಡವೋ ಅನ್ನುವುದರಲ್ಲಿ ಕೋಚ್ ಮಾತೇ ನಡೆಯುತ್ತಿತ್ತು. ಈಗ ದೊಡ್ಡ ಲೀಗುಗಳಲ್ಲಿ ಆ ಹಿಡಿತ ಸಡಿಲವಾಗಿದೆ. ಆದರೂ ಆಡಿದರೆ ಊಟ, ಆಡದಿದ್ದರೆ ಇಲ್ಲ ಅನ್ನುವ ಲೆಕ್ಕ ಇತ್ತು ಅಂದಮೇಲೆ ‘ವೇತನ’ ಅನ್ನುವುದು ಸುಮ್ನೆ ಕೂತ ಪದ ಅಲ್ಲ ಅಂತ ನನಗೆ ಅನ್ನಿಸುತ್ತದೆ.

ಇದಕ್ಕೆ ಉಲ್ಟಾ ಕೇಸೂ ಒಂದಿದೆ. ಡಾರ್ಟ್‌ಮತ್ ಕಾಲೇಜಿನಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಇಲ್ಲ. ಅಲ್ಲಿನ ಬಾಸ್ಕೆಟ್‌ಬಾಲ್ ಹುಡುಗರು ನಮಗೂ ಯೂನಿಯನ್ ಬೇಕು ಅಂತ ಹೊರಟರು. ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿ ಇವರು ಕೆಲಸಗಾರರೇ ಅಂದರು. ಶೂ, ಬಟ್ಟೆ, ಟಿಕೆಟ್ಟುಗಳಂಥ ಸವಲತ್ತುಗಳನ್ನೇ ಪ್ರತಿಫಲ ಅಂತ ಲೆಕ್ಕ ಹಿಡಿದರು. 2024ರ ಮಾರ್ಚಿನಲ್ಲಿ 13–2 ಮತಗಳಿಂದ ಯೂನಿಯನ್ ಗೆದ್ದಿತು. ವರ್ಷದ ಕೊನೆಗೆ ಅರ್ಜಿಯನ್ನೇ ವಾಪಸ್ ತೆಗೆದುಕೊಂಡರು, ಅದು ಬೇರೆ ಮಾತು. ಇಲ್ಲಿ ‘ಎಂಪ್ಲಾಯಿ’ಗೆ ಏನು ಬರೆಯಲಿ? ‘ನೌಕರ’ ಅಂದರೆ ಸರ್ಕಾರಿ ನೌಕರ ಕಣ್ಣಿಗೆ ಬರುತ್ತಾನೆ. ‘ಉದ್ಯೋಗಿ’ ಅಂದರೆ ಕೊರಳಲ್ಲಿ ಐಡಿ ಕಾರ್ಡು. ‘ಕಾರ್ಮಿಕ’ ಅಂದರೆ ಕಾರ್ಖಾನೆ. ಆದರೆ ಕಾನೂನಿನ ಹತ್ತಿರ ಇರುವುದು ಕಾರ್ಮಿಕವೇ. ನೀವೇನಂತೀರಿ?

‘ಅಮೆಚೂರ್’ಗೆ ‘ಹವ್ಯಾಸಿ’ ಅಂತ ಥಟ್ಟನೆ ಹೇಳುವವರು ಸ್ವಲ್ಪ ತಡೆಯಿರಿ. ಹವ್ಯಾಸಿ ರಂಗಭೂಮಿ ನಮಗೆ ಗೊತ್ತು. ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಕೆಲಸ ಮಾಡಿ ಸಂಜೆ ಬಣ್ಣ ಹಚ್ಚುವವರದು. ಆದರೆ ಹವ್ಯಾಸಿ ಪತ್ರಕರ್ತ? ಅವನು ಬರೆದದ್ದಕ್ಕೆ ದುಡ್ಡು ತೆಗೆದುಕೊಳ್ಳುತ್ತಾನೆ, ಒಂದೇ ಕಡೆ ಕೆಲಸಕ್ಕಿಲ್ಲ ಅಷ್ಟೇ. ಅಂದರೆ ಕನ್ನಡದ ಹವ್ಯಾಸಿಗೆ ದುಡ್ಡು ಮುಟ್ಟಬಾರದು ಎಂಬ ಕಟ್ಟಳೆ ಇಲ್ಲ. ಎನ್‌ಸಿಎಎ ಅರ್ಥದಲ್ಲಿ ಕಟ್ಟಳೆಯೇ ಮುಖ್ಯ. ಇನ್ನೊಂದು, ವಾರಕ್ಕೆ 20 ಗಂಟೆ ಅಭ್ಯಾಸ ಅಂತ ನಿಯಮ ಮಾಡಿ ಅದನ್ನೂ ಮೀರಿ ದುಡಿಸುವುದನ್ನು ಹವ್ಯಾಸ ಅನ್ನುವುದು ಹೇಗೆ? ನಾನು ‘ದುಡ್ಡು ಮುಟ್ಟದ ಆಟ’ ಅಂತ ಬಿಡಿಸಿ ಬರೆದಿದ್ದೇನೆ. ಉದ್ದ ಆಯಿತು, ಗೊತ್ತು.

ಎನ್‌ಐಎಲ್ ಅನ್ನುವ ಮೂರಕ್ಷರಕ್ಕೆ ಮಾತ್ರ ಒಳ್ಳೆ ಪದ ಸಿಕ್ಕಿದೆ ಅಂತ ನನ್ನ ಲೆಕ್ಕ. ನೇಮ್, ಇಮೇಜ್, ಲೈಕ್‌ನೆಸ್. ಹೆಸರು, ಚಿತ್ರ ಸರಿ. ಲೈಕ್‌ನೆಸ್‌ಗೆ ‘ಹೋಲಿಕೆ’ ಅಂತ ಬರೆದಿದ್ದು ನೋಡಿದ್ದೇನೆ, ಅದು ತಪ್ಪು ದಾರಿಗೆ ಎಳೆಯುತ್ತದೆ. ನಮ್ಮಲ್ಲಿ ‘ಚಹರೆ’ ಇದೆ. ಕಾಣೆಯಾದವರ ಪ್ರಕಟಣೆಯಲ್ಲಿ ಪೊಲೀಸರು ಕೊಡುತ್ತಾರಲ್ಲ, ಚಹರೆ ಪಟ್ಟಿ: ಎತ್ತರ ಇಷ್ಟು, ಮೈಬಣ್ಣ ಇಂಥದ್ದು, ಕೂದಲು ಹೀಗೆ. ಎಡ್ ಒಬ್ಯಾನನ್ ಕೇಸು ನಿಂತಿದ್ದೇ ಇದರ ಮೇಲೆ. ಅವರು 1995ರಲ್ಲಿ ಬಾಸ್ಕೆಟ್‌ಬಾಲ್ ಚಾಂಪಿಯನ್ ಆದ ಯುಸಿಎಲ್‌ಎ ತಂಡದ ತಾರೆ. ವರ್ಷಗಳ ಮೇಲೆ ನೆವಾಡಾದಲ್ಲಿ ಕಾರು ಮಾರುತ್ತಿದ್ದಾಗ ಒಂದು ವಿಡಿಯೋ ಗೇಮಿನಲ್ಲಿ ತಮ್ಮನ್ನೇ ಕಂಡರು. ಹೆಸರಿಲ್ಲ, ಫೋಟೋ ಇಲ್ಲ. ಆದರೆ ಅದೇ 31 ನಂಬರ್, ಅದೇ ಬೋಳು ತಲೆ, ಅದೇ ಎಡಗೈ ಆಟ. ಗೇಮು ಮಾರಿದವರಿಗೆ ದುಡ್ಡು, ಇವರಿಗೆ ಸೊನ್ನೆ. 2009ರಲ್ಲಿ ಕೋರ್ಟಿಗೆ ಹೋದರು, 2014ರಲ್ಲಿ ಗೆದ್ದರು. ಇದನ್ನು ‘ಚಹರೆ’ ಅನ್ನದೆ ಇನ್ನೇನು ಅನ್ನೋಣ? ‘ಹೆಸರು-ಚಿತ್ರ-ಚಹರೆ ಹಕ್ಕು’ ಅಂತ ಬಳಸುತ್ತಿದ್ದೇನೆ. ಯಾರಿಗಾದರೂ ತಕರಾರಿದ್ದರೆ ಹೇಳಿ, ನಾನು ಮಾತ್ರ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

2021ರ ಜುಲೈ 1ರಿಂದ ಆಟಗಾರರು ಈ ಹಕ್ಕನ್ನು ಮಾರಿಕೊಳ್ಳಬಹುದು ಅಂತಾಯಿತು. ಶ್ರೀಮಂತ ಅಭಿಮಾನಿಗಳು ಸೇರಿ ದುಡ್ಡು ಕೂಡಿಸಿ ಆಟಗಾರರಿಗೆ ಹಂಚಲು ಗುಂಪು ಕಟ್ಟಿಕೊಂಡರು. ಇವನ್ನು ಇಲ್ಲಿ ‘ಕಲೆಕ್ಟಿವ್’ ಅನ್ನುತ್ತಾರೆ. ನಮ್ಮ ‘ಅಭಿಮಾನಿ ಸಂಘ’ ಸಾಕು, ಹೊಸ ಪದ ಬೇಡ.

‘ಟ್ರಾನ್ಸ್‌ಫರ್ ಪೋರ್ಟಲ್’, ಅಂದರೆ ಕಾಲೇಜು ಬದಲಿಸಲು ಹೊರಟ ಆಟಗಾರರ ಹೆಸರು ಸೇರುವ ಆನ್‌ಲೈನ್ ಪಟ್ಟಿ, ಅದರ ಬಗ್ಗೆಯೂ ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ‘ವರ್ಗಾವಣೆ’ ಆಗದು. ವರ್ಗಾವಣೆ ಮಾಡುವವನು ಮೇಲಿನವನು, ಅನುಭವಿಸುವವನು ಕೆಳಗಿನವನು. ಇಲ್ಲಿ ಹೊರಡುವವನು ಆಟಗಾರನೇ. ಮುಂಚೆ ಬೇರೆ ಕಾಲೇಜಿನ ಜೊತೆ ಮಾತಾಡಲೂ ಈ ಕಾಲೇಜಿನ ಅನುಮತಿ ಬೇಕಿತ್ತು. 2018ರ ಅಕ್ಟೋಬರ್‌ನಲ್ಲಿ ಪೋರ್ಟಲ್ ಬಂದ ಮೇಲೆ ‘ಹೋಗ್ತೀನಿ’ ಅಂತ ತಿಳಿಸಿದರೆ ಆಯಿತು. ‘ಟಿಸಿ ತಗೊಂಡ’ ಅಂದರೆ ನಮ್ಮವರಿಗೆ ಒಂದೇ ಏಟಿಗೆ ಅರ್ಥವಾಗುತ್ತದೆ. ‘ಟಿಸಿ ಕೊಟ್ಟು ಕಳಿಸಿದರು’ ಅಂದರೆ ಕೋಚೇ ಓಡಿಸಿದ್ದು. ಎರಡೂ ನಡೆಯುತ್ತವೆ ಇಲ್ಲಿ.

‘ರೆಡ್‌ಶರ್ಟ್’ ಹಾಗೇ ಇರಲಿ. ಆಡುವ ಅವಕಾಶದ ಒಂದು ವರ್ಷ ಉಳಿಸಿಕೊಳ್ಳಲು ಆ ವರ್ಷ ಪಂದ್ಯ ಬಿಟ್ಟು ಬರೀ ಅಭ್ಯಾಸ ಮಾಡುವವನಿಗೆ ಇಲ್ಲಿ ಹಾಗನ್ನುತ್ತಾರೆ. ನೆಬ್ರಾಸ್ಕಾದಲ್ಲಿ 1937ರಲ್ಲಿ ಪಂದ್ಯಕ್ಕಿಳಿಯದೆ ಕೆಂಪಂಗಿ ಹಾಕಿ ಬರೀ ಅಭ್ಯಾಸ ಮಾಡಿದ ಆಟಗಾರನಿಂದ ಬಂದ ಮಾತಂತೆ. ಕೆಂಪಂಗಿ ಅಂತ ಬರೆದರೆ ನಮ್ಮವರಿಗೆ ರೈಲ್ವೆ ಸ್ಟೇಷನ್ನಿನ ಕೂಲಿಗಳು ನೆನಪಾಗುತ್ತಾರೆ.

ಈಗ ನಿಜವಾದ ಪ್ರಶ್ನೆ. 2025ರ ಜೂನ್‌ನಲ್ಲಿ ಈಜುಗಾರ ಗ್ರಾಂಟ್ ಹೌಸ್ ಮತ್ತಿತರ ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ‘ಹೌಸ್’ ಕೇಸಿನ ರಾಜಿಗೆ ಕೋರ್ಟು ಒಪ್ಪಿಗೆ ಕೊಟ್ಟಿತು. ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್. ಇನ್ನು ಮುಂದೆ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು, ಮೊದಲ ವರ್ಷ ಒಂದೊಂದು ಕಾಲೇಜು 2 ಕೋಟಿ 5 ಲಕ್ಷ ಡಾಲರ್‌ವರೆಗೆ. ಇದನ್ನು ಇಲ್ಲಿ ‘ರೆವೆನ್ಯೂ ಶೇರಿಂಗ್’ ಅನ್ನುತ್ತಾರೆ. ‘ಆದಾಯದಲ್ಲಿ ಪಾಲು’ ಅಂತ ಬರೆಯಲು ಕೈ ಏಳುತ್ತಿಲ್ಲ. ಪಾಲು ಅಂದರೆ ಹಕ್ಕು. ಪಾಲು ಕೇಳುವವನು ಲೆಕ್ಕ ಕೇಳುತ್ತಾನೆ. ಎನ್‌ಎಫ್‌ಎಲ್‌ನಲ್ಲಿ ಆ ಪದ ಒಪ್ಪುತ್ತದೆ. ಅಲ್ಲಿ ಆಟಗಾರರ ಸಂಘ ಮಾಲೀಕರ ಎದುರು ಕೂತು ಚೌಕಾಸಿ ಮಾಡಿ ಆದಾಯದ ಸುಮಾರು 48 ಶೇಕಡಾ ತೆಗೆದುಕೊಂಡಿದೆ. ಕಾಲೇಜಿನಲ್ಲಿ ಸಂಘವಿಲ್ಲ, ಚೌಕಾಸಿಯಿಲ್ಲ. ಯಾರಿಗೆ ಎಷ್ಟು ಅಂತ ಕಾಲೇಜೇ ತೀರ್ಮಾನಿಸುತ್ತದೆ. ಅದೂ ಆಟಕ್ಕೆ ಕೊಟ್ಟ ದುಡ್ಡಲ್ಲ, ಹೆಸರು-ಚಿತ್ರ-ಚಹರೆ ಬಳಸಿದ್ದಕ್ಕೆ ಕೊಟ್ಟದ್ದು ಅಂತ ಕರಾರು ಬರೆಸಿಕೊಳ್ಳುತ್ತಾರೆ.

ಹಾಗಾಗಿ ನನ್ನ ಆಯ್ಕೆ ‘ಸಂಭಾವನೆ’. ಪುರೋಹಿತರಿಗೆ, ಭಾಷಣಕಾರರಿಗೆ, ಸಿನಿಮಾ ನಟರಿಗೆ ಕೊಡುವುದು ಸಂಭಾವನೆ. ಕೊಟ್ಟವನು ಧಣಿಯಾಗುವುದಿಲ್ಲ, ತೆಗೆದುಕೊಂಡವನು ಆಳಾಗುವುದಿಲ್ಲ. ಪಿಎಫ್ ಇಲ್ಲ, ಗಾಯವಾದರೆ ಪರಿಹಾರದ ಮಾತಿಲ್ಲ. ಕಾಲೇಜುಗಳಿಗೆ ಬೇಕಾದದ್ದು ಇದೇ ಅಲ್ವಾ? ‘ಗೌರವಧನ’ವನ್ನೂ ನೋಡಿದೆ. ಲಕ್ಷಗಟ್ಟಲೆ ಡಾಲರಿಗೆ ಗೌರವಧನ ಅಂದರೆ ನಗೆಪಾಟಲು. ನಮ್ಮ ಆಶಾ ಕಾರ್ಯಕರ್ತೆಯರನ್ನು ಕೇಳಿ, ಆ ಪದ ಏನನ್ನು ಮುಚ್ಚಿಡುತ್ತದೆ ಅಂತ ಹೇಳುತ್ತಾರೆ. ‘ಸಂಬಳ’ವನ್ನು ಎನ್‌ಎಫ್‌ಎಲ್‌ಗೆ ಮೀಸಲಿಟ್ಟಿದ್ದೇನೆ.

ಎನ್‌ಎಫ್‌ಎಲ್ ಭಾಗದಲ್ಲಿ ಒಂದೇ ಪದ ಕಾಡುತ್ತಿದೆ, ‘ಗ್ಯಾರಂಟೀಡ್ ಮನಿ’. ಅಲ್ಲಿ ಐದು ವರ್ಷದ ಕರಾರು ಅಂತ ಪೇಪರಿನಲ್ಲಿ ದೊಡ್ಡ ಮೊತ್ತ ಬರುತ್ತದೆ. ನಡುವೆ ತಂಡದಿಂದ ಕೈಬಿಟ್ಟರೆ ಅದರಲ್ಲಿ ಒಂದಿಷ್ಟೇ ಸಿಗುವುದು. 2022ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಡಿಶಾನ್ ವಾಟ್ಸನ್‌ಗೆ 23 ಕೋಟಿ ಡಾಲರನ್ನು ಪೂರ್ತಿ ಗ್ಯಾರಂಟಿ ಮಾಡಿ ಕೊಟ್ಟಿತು, ಉಳಿದ ಮಾಲೀಕರಿಗೆ ಹೊಟ್ಟೆಯುರಿ. ಎಲ್ಲರಿಗೂ ಹೀಗೇ ಕೊಡಿ ಎಂಬ ಜಗಳ ಈಗಲೂ ಇದೆ. ಕನ್ನಡದಲ್ಲಿ ‘ಗ್ಯಾರಂಟಿ’ ಅಂದರೆ 2023ರಿಂದ ಅನ್ನಭಾಗ್ಯ, ಶಕ್ತಿ, ಗೃಹಲಕ್ಷ್ಮಿ. ‘ಖಾತ್ರಿ’ ಅಂದರೆ ಉದ್ಯೋಗ ಖಾತ್ರಿ. ಎರಡನ್ನೂ ಸರ್ಕಾರವೇ ತೆಗೆದುಕೊಂಡಿದೆ! ‘ಕೈಬಿಟ್ಟರೂ ಸಿಗುವ ದುಡ್ಡು’ ಅಂತ ಸದ್ಯಕ್ಕೆ ಬರೆದಿದ್ದೇನೆ. ಅಂದಹಾಗೆ ಯಂತ್ರಾನುವಾದದಲ್ಲಿ ಎನ್‌ಎಫ್‌ಎಲ್ ‘ಡ್ರಾಫ್ಟ್’ ಹೋಗಿ ‘ಕರಡು’ ಆಗಿದ್ದು ನೋಡಿ ನಕ್ಕೆ. 32 ತಂಡಗಳು ಸರದಿಯಲ್ಲಿ ಆಟಗಾರರನ್ನು ಆರಿಸಿಕೊಳ್ಳುವುದು ಅದು. ‘ಸರದಿ ಆಯ್ಕೆ’ ಆಗಬಹುದಾ?

ಕೊನೆಗೆ, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದವರಿಗೆ ಒಂದು ಕೋರಿಕೆ. ಯಕ್ಷಗಾನ ಮೇಳಗಳಲ್ಲಿ ಕಲಾವಿದರು ಒಂದು ತಿರುಗಾಟಕ್ಕೆ ಅಂತ ಒಪ್ಪಿಕೊಳ್ಳುತ್ತಾರೆ, ಮಳೆಗಾಲದಲ್ಲಿ ಮೇಳ ಬದಲಿಸುತ್ತಾರೆ. ಅಲ್ಲಿ ಇಡೀ ತಿರುಗಾಟಕ್ಕೆ ಸಿಗುವ ದುಡ್ಡಿಗೂ, ಬೇರೆ ಕಡೆ ಅತಿಥಿಯಾಗಿ ಒಂದು ರಾತ್ರಿ ವೇಷ ಮಾಡಿದರೆ ಸಿಗುವ ದುಡ್ಡಿಗೂ ಬೇರೆ ಬೇರೆ ಪದ ಇವೆಯೇ? ‘ಸಂಬಳ’, ‘ಸಂಭಾವನೆ’ ಎರಡನ್ನೂ ಮೇಳದವರು ಬೇರೆ ಮಾಡಿ ಬಳಸುತ್ತಾರಾ, ಇಲ್ಲಾ ಬೆರೆಸಿಬಿಡುತ್ತಾರಾ? ಮುಂಗಡ ತೆಗೆದುಕೊಂಡು ನಡುವೆ ಮೇಳ ಬಿಟ್ಟವನಿಗೆ ಏನನ್ನುತ್ತಾರೆ? ನನಗೆ ಆ ಕೊನೆಯ ಪದ ತುರ್ತಾಗಿ ಬೇಕು. ಕರಾರಿಗೆ ಸಹಿ ಹಾಕಿ ಟಿಸಿ ತಗೊಂಡು ಹೋದ ಆಟಗಾರರ ಬಗ್ಗೆ ಇಡೀ ಒಂದು ಪ್ಯಾರಾ ಖಾಲಿ ಬಿಟ್ಟಿದ್ದೇನೆ.