ಕಾರ್ಬೋರೇಟರ್ ಗೊತ್ತು, ಇಂಜೆಕ್ಷನ್ ಹೊಸದು: ಯಾವ ಸೆನ್ಸರ್‌ನಿಂದ ಶುರು ಮಾಡಲಿ?

ಸೂಜಿಜೆಟ್ ಕೇಳಿದ್ದು:

ಕಾರ್ಬೋರೇಟರ್ ಬಿಚ್ಚಿ, ಜೆಟ್ ತೊಳೆದು, ಫ್ಲೋಟ್ ಮಟ್ಟ ಸರಿ ಮಾಡುವಷ್ಟು ಕೆಲಸ ಬರುತ್ತೆ. ಈಗ ಪೆಟ್ರೋಲ್ ಇಎಫ್‌ಐ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಕಲಿಯಬೇಕು. ಓದೋಕೆ ಕೂತರೆ ಹತ್ತು ಹನ್ನೆರಡು ಸೆನ್ಸರ್‌ಗಳ ಪಟ್ಟಿ ಸಿಗುತ್ತೆ, ಒಂದಕ್ಕೊಂದು ಏನು ಸಂಬಂಧ ಅನ್ನೋದು ಮಾತ್ರ ತಿಳಿಯಲ್ಲ. ಇಷ್ಟೇ ಪೆಟ್ರೋಲ್ ಬಿಡಬೇಕು ಅಂತ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಯಾವ ಲೆಕ್ಕದಲ್ಲಿ ತೀರ್ಮಾನಿಸುತ್ತೆ? ಕೈಲಿ ಒಂದು ಡಿಜಿಟಲ್ ಮಲ್ಟಿಮೀಟರ್, ಲೈವ್ ಡೇಟಾ ತೋರಿಸುವ ಒಂದು ಸ್ಕ್ಯಾನರ್ ಇದೆ. ಪಿ 0171 ಲೀನ್ ಕೋಡ್ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅನ್ನೋ ಎಚ್ಚರಿಕೆ) ಬಂದರೆ ಎಕ್ಸಾಸ್ಟ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ಬದಲಿಸಬೇಕು ಅಂತಾರಲ್ಲ, ಅದು ಸರೀನಾ?

ಮಿಲಿಸೆಕೆಂಡ್ ಉತ್ತರ:

ಪಟ್ಟಿ ಪಕ್ಕಕ್ಕಿಡಿ. ಇಸಿಯು ಮೊದಲು ಕೇಳೋದು ಒಂದೇ ಪ್ರಶ್ನೆ: ಈ ಸಲ ಸಿಲಿಂಡರ್ ಒಳಗೆ ಎಷ್ಟು ಗಾಳಿ ಹೋಯ್ತು? ಕಾರ್ಬೋರೇಟರ್‌ನಲ್ಲಿ ಗಾಳಿಯೇ ಪೆಟ್ರೋಲನ್ನ ಎಳ್ಕೊಳ್ತಿತ್ತು. ಇಲ್ಲಿ ಗಾಳಿಯ ತೂಕ ಲೆಕ್ಕ ಹಾಕಿ, ಅದನ್ನ 14.7ರಿಂದ ಭಾಗಿಸಿ (ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯೋಕೆ ಅಷ್ಟು ಗ್ರಾಂ ಗಾಳಿ ಬೇಕು) ಪೆಟ್ರೋಲ್ ಕೊಡಬೇಕು.

2000 ಸಿಸಿ, ನಾಲ್ಕು ಸಿಲಿಂಡರ್ ಎಂಜಿನ್ ಇಟ್ಕೊಳ್ಳಿ. ಒಂದು ಸಿಲಿಂಡರ್ ಅರ್ಧ ಲೀಟರ್. 20 ಡಿಗ್ರಿಯಲ್ಲಿ ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ, ಅಂದರೆ ಪೂರ್ತಿ ತುಂಬಿದರೆ 0.6 ಗ್ರಾಂ. ಪೂರ್ತಿ ತುಂಬಲ್ಲ, 85% ಅಂದ್ಕೊಳ್ಳೋಣ: 0.51 ಗ್ರಾಂ. 14.7ರಿಂದ ಭಾಗಿಸಿದರೆ ಸುಮಾರು 35 ಮಿಲಿಗ್ರಾಂ ಪೆಟ್ರೋಲ್. ಇಂಜೆಕ್ಟರ್ ಒಂದು ಮಿಲಿಸೆಕೆಂಡಿಗೆ 3 ಮಿಲಿಗ್ರಾಂ ಬಿಡೋದಾದರೆ ಅದು 11.6 ಮಿಲಿಸೆಕೆಂಡ್ ತೆರೆದಿರಬೇಕು. ಇಂಜೆಕ್ಟರ್ ಸೂಜಿ ಮೇಲೇಳೋಕೆ ಹಿಡಿಯುವ ಸುಮಾರು 1 ಮಿಲಿಸೆಕೆಂಡ್ ಬೇರೆ ಸೇರಿಸಬೇಕು. ಬ್ಯಾಟರಿ ವೋಲ್ಟೇಜ್ ಇಳಿದಷ್ಟೂ ಈ ಹೊತ್ತು ಜಾಸ್ತಿ ಆಗುತ್ತೆ, ಅದಕ್ಕೇ ಇಸಿಯು ಬ್ಯಾಟರಿ ಮೇಲೂ ಒಂದು ಕಣ್ಣಿಟ್ಟಿರುತ್ತೆ. ಥ್ರಾಟಲ್ ಪೂರ್ತಿ ಒತ್ತಿದಾಗ 14.7 ಬಿಟ್ಟು 12.5–13ರ ಕಡೆಗೆ ರಿಚ್ ಮಾಡುತ್ತೆ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ), ಆಗ ಇನ್ನೂ ಸ್ವಲ್ಪ ಹೆಚ್ಚು. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹೋಗುವ ಕೊಳವೆ) ಒತ್ತಡ 100ರಿಂದ 35 ಕಿಲೋಪಾಸ್ಕಲ್‌ಗೆ ಬಿದ್ದಿರುತ್ತಲ್ಲ, ಹೊತ್ತೂ ಆ ಪ್ರಮಾಣದಲ್ಲೇ ಇಳಿದು 4–5 ಮಿಲಿಸೆಕೆಂಡ್ ಆಸುಪಾಸಿಗೆ ಬರುತ್ತೆ.

ಈಗ ಸೆನ್ಸರ್‌ಗಳು ತಾವಾಗೇ ಜಾಗಕ್ಕೆ ಬಂದು ಕೂರ್ತವೆ. ಎಷ್ಟು ಗಾಳಿ ಅನ್ನೋದಕ್ಕೆ ಮ್ಯಾಪ್ (ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಸೆನ್ಸರ್) ಅಥವಾ ಮಾಸ್ ಏರ್‌ಫ್ಲೋ (ಒಳಗೆ ಹೋಗುವ ಗಾಳಿಯನ್ನೇ ಅಳೆಯುವ ಸೆನ್ಸರ್). ಯಾವಾಗ ಅನ್ನೋದಕ್ಕೆ ಎಂಜಿನ್ ತಿರುಗುವುದನ್ನ ಗಮನಿಸುವ ಕ್ರ್ಯಾಂಕ್ ಸೆನ್ಸರ್. ಮಿಕ್ಕಿದ್ದೆಲ್ಲ ತಿದ್ದುಪಡಿ. ನಿಮ್ಮ ಭಾಷೇಲೇ ಹೇಳೋದಾದರೆ ಎಂಜಿನ್ ತಂಪಾಗಿಸುವ ನೀರಿನ ಬಿಸಿ ಅಳೆಯುವ ಕೂಲಂಟ್ ಸೆನ್ಸರ್ ಅಂದರೆ ಚೋಕ್, ಥ್ರಾಟಲ್ ಸೆನ್ಸರ್‌ನ ವೋಲ್ಟೇಜ್ ಸರಕ್ಕನೆ ಏರಿದರೆ ಅದೇ ಆಕ್ಸಲರೇಟರ್ ಪಂಪ್.

ಅರ್ತ್‌ವೈರ್ ಉತ್ತರ:

ಲೆಕ್ಕ ಚೆನ್ನಾಗಿದೆ. ಮೀಟರ್ ಕೆಲಸ ನಾನು ಹೇಳ್ತೀನಿ. ಥ್ರಾಟಲ್ ಸೆನ್ಸರ್‌ನಿಂದ ಶುರು ಮಾಡಿ, ಕೈಯಲ್ಲಿ ತಿರುಗಿಸಿ ಕಣ್ಣಲ್ಲಿ ನೋಡಬಹುದು. ಕನೆಕ್ಟರ್ ಬಿಚ್ಚಬೇಡಿ. ಹಿಂಭಾಗದಿಂದ ವೈರ್ ಪಕ್ಕದಲ್ಲಿ ತೆಳು ಪಿನ್ ತೂರಿಸಿ, ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಅಳೆಯಿರಿ. ಒಂದು ವೈರ್‌ನಲ್ಲಿ 5 ವೋಲ್ಟ್, ಒಂದು ಅರ್ತ್, ಮೂರನೆಯದು ಸಿಗ್ನಲ್. ಅದು ಮುಚ್ಚಿದಾಗ 0.5ರ ಹತ್ತಿರ, ಪೂರ್ತಿ ತೆರೆದಾಗ 4.5ರ ಹತ್ತಿರ. ನಿಧಾನಕ್ಕೆ ತಿರುಗಿಸ್ತಾ ಹೋದಾಗ ಮಧ್ಯೆ ಎಲ್ಲಾದರೂ ಕುಸಿದರೆ ಒಳಗಿನ ಟ್ರ್ಯಾಕ್ ಸವೆದಿದೆ. ಡಿಜಿಟಲ್ ಮೀಟರ್ ಈ ಕುಸಿತ ತೋರಿಸೋದೇ ಕಷ್ಟ. ಮುಳ್ಳಿನ ಹಳೇ ಮೀಟರ್ ಇದ್ದರೆ ತೆಗೀರಿ, ಮುಳ್ಳು ಒಂದು ಸಲ ಬೆಚ್ಚಿಬೀಳೋದು ಕಾಣುತ್ತೆ.

ಕೂಲಂಟ್ ಸೆನ್ಸರ್ ಬಿಸಿಯಾದಷ್ಟು ರೆಸಿಸ್ಟೆನ್ಸ್ ಇಳಿಯುವ ಜಾತಿ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ 2–2.5 ಕಿಲೋ ಓಮ್, 80ರಲ್ಲಿ 300 ಓಮ್ ಆಸುಪಾಸು. ಕನೆಕ್ಟರ್ ಬಿಚ್ಚಿದರೆ ಸ್ಕ್ಯಾನರ್ ಮೈನಸ್ 40 ತೋರಿಸಬೇಕು, ಅದರ ಎರಡು ವೈರ್ ಜೋಡಿಸಿದರೆ 120–130 ದಾಟಬೇಕು. ಎರಡೂ ಸರಿ ಬಂದರೆ ವೈರಿಂಗ್, ಇಸಿಯು ಎರಡೂ ನೆಟ್ಟಗಿವೆ, ತಪ್ಪು ಸೆನ್ಸರ್‌ದೇ. ಆದರೆ ಕೆಲವು ಇಸಿಯುಗಳು ಸಿಗ್ನಲ್ ತಪ್ಪಿದ ಕೂಡಲೇ ತಮ್ಮದೇ ಒಂದು ಅಂಕಿ ಹಾಕ್ಕೊಂಡು ಅದನ್ನೇ ತೋರಿಸ್ತವೆ. 80 ಡಿಗ್ರಿ ಅಂತ ಅಲ್ಲಾಡದೆ ನಿಂತಿದ್ದರೆ ಅನುಮಾನಪಡಿ.

ಇಂಜೆಕ್ಟರ್‌ಗೆ ಪ್ಲಸ್ ಸದಾ ಬರ್ತಿರುತ್ತೆ, ಇಸಿಯು ಅರ್ತ್ ಕಡೆ ಸ್ವಿಚ್ ಮಾಡುತ್ತೆ. ಬಹಳಷ್ಟು ಕಾರುಗಳಲ್ಲಿ ಕಾಯಿಲ್ 12–16 ಓಮ್. 2–3 ಓಮ್‌ನ ಇಂಜೆಕ್ಟರ್‌ಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಹಿಡಿದರೆ ಕಾಯಿಲ್ ಸುಟ್ಟುಹೋಗುತ್ತೆ.

ಸ್ಪಾರ್ಕೂ ಇಲ್ಲ, ಇಂಜೆಕ್ಷನ್ನೂ ಇಲ್ಲ ಅಂದರೆ ಮೊದಲು ಕ್ರ್ಯಾಂಕ್ ಸೆನ್ಸರ್ ನೋಡಿ. ಎರಡು ವೈರ್‌ನ ಕಾಯಿಲ್ ಮಾದರಿಯಾದರೆ ಸ್ಟಾರ್ಟರ್ ತಿರುಗಿಸುವಾಗ ಎಸಿ ವೋಲ್ಟ್ ಸಿಗಬೇಕು. ಮೂರು ವೈರ್‌ನ, ಒಳಗೆ ಎಲೆಕ್ಟ್ರಾನಿಕ್ಸ್ ಇರುವ ‘ಹಾಲ್’ ಮಾದರಿಗೆ ಓಮ್ ಅಳತೆ ಹಾಕಲೇಬೇಡಿ, ಏನೂ ಗೊತ್ತಾಗಲ್ಲ. ಕಾಯಿಲ್ ಮಾದರಿಯ ತುದೀಲಿ ಆಯಸ್ಕಾಂತ ಇರೋದರಿಂದ ಕಬ್ಬಿಣದ ಪುಡಿ ಮೆತ್ತಿಕೊಂಡು ಸಿಗ್ನಲ್ ಕೆಡುತ್ತೆ. ಒರೆಸಿದರೆ ಎಷ್ಟೋ ಸಲ ಸರಿ ಹೋಗುತ್ತೆ.

ಟ್ರಿಮ್‌ಪ್ಲಸ್ ಉತ್ತರ:

ಪಿ 0171 ಬಂದ ಮಾತ್ರಕ್ಕೆ ಆಕ್ಸಿಜನ್ ಸೆನ್ಸರ್ ಬದಲಿಸೋದು, ಜ್ವರ ಬಂದಿದೆ ಅಂತ ಥರ್ಮಾಮೀಟರ್ ಬಿಸಾಕಿದ ಹಾಗೆ. ಬಹುತೇಕ ಅದು ನಿಜವನ್ನೇ ಹೇಳ್ತಿರುತ್ತೆ.

ಪರೀಕ್ಷೆ ಹೀಗೆ. ಸೆನ್ಸರ್ 300 ಡಿಗ್ರಿ ದಾಟದೆ ಕೆಲಸ ಮಾಡಲ್ಲ, ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಥ್ರಾಟಲ್ ಒಮ್ಮೆ ಪಟ್ಟನೆ ಒತ್ತಿ ಬಿಡಿ. ಒತ್ತಿದಾಗ 0.8 ವೋಲ್ಟ್ ದಾಟಿ, ಬಿಟ್ಟಾಗ 0.2ಕ್ಕಿಂತ ಕೆಳಗೆ ಚಕ್ಕನೆ ಇಳಿದರೆ ಅದು ಗಟ್ಟಿಯಾಗಿದೆ. ಮಿಶ್ರಣದ ಪ್ರಮಾಣವನ್ನೇ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್‌ಗೆ ಈ ಅಂಕಿ ನಡೆಯಲ್ಲ. ಒಂದು ಪ್ಲಗ್ ಹೊಡೆಯದಿದ್ದರೂ ಸೆನ್ಸರ್ ಲೀನ್ ಅನ್ನುತ್ತೆ, ಯಾಕೆಂದರೆ ಅದು ನೋಡೋದು ಆಕ್ಸಿಜನ್, ಪೆಟ್ರೋಲ್ ಅಲ್ಲ. ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಲೀಕ್ ಇದ್ದರೂ ಹೊರಗಿನ ಗಾಳಿ ಒಳಗೆ ಸೇರಿ ಅದೇ ಕಥೆ.

ಆಮೇಲೆ ಫ್ಯೂಯಲ್ ಟ್ರಿಮ್, ಅಂದರೆ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಪೆಟ್ರೋಲಿಗೆ ಮಾಡುವ ತಿದ್ದುಪಡಿ; ಪ್ಲಸ್ ಅಂದರೆ ಪೆಟ್ರೋಲ್ ಸೇರಿಸ್ತಿದೆ. ಪ್ಲಸ್ ಅಥವಾ ಮೈನಸ್ 10% ಒಳಗಿದ್ದರೆ ತಲೆ ಕೆಡಿಸ್ಕೋಬೇಡಿ. ಐಡ್ಲಿಂಗ್‌ನಲ್ಲಿ ಪ್ಲಸ್ 20 ಇದ್ದು 2500 ಆರ್‌ಪಿಎಂನಲ್ಲಿ ಇಳಿದರೆ ವ್ಯಾಕ್ಯೂಮ್ ಲೀಕ್ (ಅಳತೆಗೆ ಸಿಗದೆ ಮ್ಯಾನಿಫೋಲ್ಡ್‌ಗೆ ನುಸುಳುವ ಗಾಳಿ).

ಮಿಲಿಸೆಕೆಂಡ್ ಉತ್ತರ:

ಆ ಕೊನೇ ಮಾತು ಮಾಸ್ ಏರ್‌ಫ್ಲೋ ಇರುವ ಎಂಜಿನ್‌ಗೆ ಸರಿ. ಮ್ಯಾಪ್ ಮಾತ್ರ ಇದ್ದರೆ ಲೀಕಾದ ಗಾಳಿಯೂ ಮ್ಯಾನಿಫೋಲ್ಡ್ ಒತ್ತಡದಲ್ಲಿ ಲೆಕ್ಕಕ್ಕೆ ಬಂದುಬಿಡುತ್ತೆ. ಆಗ ಎಂಜಿನ್ ಲೀನ್ ಆಗೋ ಬದಲು ಐಡ್ಲಿಂಗ್ ಏರಿ ನಿಲ್ಲುತ್ತೆ.

ಸೂಜಿಜೆಟ್:

ಈ ವ್ಯತ್ಯಾಸ ಎಲ್ಲೂ ಓದಿರಲಿಲ್ಲ. ಐಡ್ಲಿಂಗ್‌ನಲ್ಲಿ ಟ್ರಿಮ್ ಸರಿಯಿದ್ದು, ಲೋಡ್ ಬಿದ್ದಾಗ ಮಾತ್ರ ಪ್ಲಸ್ ಏರಿದರೆ?

ಟ್ರಿಮ್‌ಪ್ಲಸ್ ಉತ್ತರ:

ಮ್ಯಾಪ್ ವಿಷಯ ಒಪ್ಪಿದೆ, ಬಿಟ್ಟುಹೋಗಿತ್ತು. ಲೋಡ್‌ನಲ್ಲಿ ಏರಿದರೆ ಪೆಟ್ರೋಲ್ ಸಾಲ್ತಿಲ್ಲ. ಏರ್‌ಫ್ಲೋ ಸೆನ್ಸರ್ ಇದ್ದರೆ ಅದರ ವೈರ್ ಕೊಳೆಯಾಗಿ ಗಾಳಿ ಕಮ್ಮಿ ತೋರಿಸ್ತಿರಬಹುದು, ಅದನ್ನೂ ನೋಡಿ. ಆಮೇಲೆ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪಿಗೆ (ಫ್ಯೂಯಲ್ ರೈಲ್) ಪ್ರೆಶರ್ ಗೇಜ್ ಹಾಕಿ. ಪೋರ್ಟ್ ಇಂಜೆಕ್ಷನ್‌ನಲ್ಲಿ (ಸಿಲಿಂಡರ್ ಒಳಗಲ್ಲ, ಅದರ ಗಾಳಿದಾರಿಯಲ್ಲಿ ಚಿಮ್ಮಿಸುವ ಬಗೆ) ಸಾಮಾನ್ಯವಾಗಿ 3 ಬಾರ್ ಆಸುಪಾಸು, ನಿಮ್ಮ ಎಂಜಿನ್‌ನ ಅಂಕಿ ಮ್ಯಾನ್ಯುಯಲ್‌ನಲ್ಲಿರುತ್ತೆ. ಪೈಪ್ ಬಿಚ್ಚುವ ಮುಂಚೆ ಪಂಪ್ ಫ್ಯೂಸ್ ತೆಗೆದು, ಎಂಜಿನ್ ತಾನಾಗೇ ಆಫ್ ಆಗೋವರೆಗೆ ಓಡಿಸಿ, ಇಲ್ಲದಿದ್ದರೆ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತೆ. ಒತ್ತಡ ಕಮ್ಮಿ ಬಂದರೆ ಪಂಪ್ ಬದಲಿಸೋಕೆ ಓಡಬೇಡಿ. ಪಂಪ್ ಓಡ್ತಿರುವಾಗ ಅದರ ಕನೆಕ್ಟರ್‌ನಲ್ಲೇ ವೋಲ್ಟೇಜ್ ಅಳೆಯಿರಿ. ಅದು ಬ್ಯಾಟರಿ ವೋಲ್ಟೇಜ್‌ಗಿಂತ ಒಂದು ವೋಲ್ಟ್‌ಗೂ ಮೀರಿ ಕೆಳಗಿದ್ದರೆ ರಿಲೇ ಅಥವಾ ಅರ್ತ್ ಹುಡುಕಿ. ವೋಲ್ಟೇಜ್ ಸರಿಯಿದ್ದರೆ ಮೊದಲು ಫಿಲ್ಟರ್ ನೋಡಿ, ಪಂಪ್ ಕೊನೆಗೆ.