ಪಿಲ್ಸ್ನರ್‌ನಲ್ಲಿ ಬೆಣ್ಣೆಯ ವಾಸನೆ: ಶೈಲಿಯೋ, ದೋಷವೋ?

ಹೊಳೆದಂಡೆ:
ಶನಿವಾರ ವೈಟ್‌ಫೀಲ್ಡ್ ಕಡೆಯ ಒಂದು ಬ್ರೂಪಬ್‌ನಲ್ಲಿ ಅವರೇ ತಯಾರಿಸಿದ ಪಿಲ್ಸ್ನರ್ ಬಿಯರ್ ಕುಡಿದೆ. ಹೆಸರು ಬೇಡ. ನೋಟಕ್ಕೆ ತಕರಾರಿಲ್ಲ: ತಿಳಿ ಹೊಂಬಣ್ಣ, ಗ್ಲಾಸಿಗೆ ಅಂಟಿಕೊಂಡು ನಿಧಾನವಾಗಿ ಇಳಿಯುವ ನೊರೆ. ಮೂಗಿಗೆ ಹಿಡಿದರೆ ಮಾತ್ರ ಹಾಪ್ಸ್‌ಗಿಂತ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಮೊದಲು ಬೆಣ್ಣೆ ಕಾಯಿಸುವ ವಾಸನೆ! ಎರಡನೇ ಗುಟುಕಿಗೆ ನಾಲಿಗೆಯ ಮೇಲೆ ಜಿಡ್ಡು. ಕಹಿ ಬಂದದ್ದೇ ತಡವಾಗಿ, ಅದೂ ಸಪ್ಪೆ. ಬಡಿಸುವ ಹುಡುಗನನ್ನು ಕೇಳಿದರೆ 'ಜೆಕ್ ಶೈಲಿಯೇ ಹಾಗೆ ಸರ್' ಎಂದ. ಹೌದೇ?

ಮಾಲ್ಟ್‌ಮೂಟೆ:
ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಜೆಕ್ ದೇಶದ ಮೂಲ ಪಿಲ್ಸ್ನರ್ ಆದ ಪಿಲ್ಸ್ನರ್ ಉರ್ಕ್ವೆಲ್‌ನಲ್ಲೂ ಆ ವಾಸನೆಯ ಒಂದು ಎಳೆ ಇರುತ್ತದೆ. 1842ರಲ್ಲಿ ಬವೇರಿಯಾದ ಯೋಸೆಫ್ ಗ್ರೋಲ್ ಪಿಲ್ಸೆನ್ ಊರಿನಲ್ಲಿ ತಯಾರಿಸಿದ ಬಿಯರಿನ ನೇರ ವಂಶ ಅದು. ಆದರೆ ಅಲ್ಲಿ ಸಾಜ್ ಎಂಬ ತಳಿಯ ಹಾಪ್ಸ್‌ನ ಕಹಿ ಮುಂದೆ, ಬೆಣ್ಣೆ ಹಿಂದೆ. ನಿಮ್ಮ ಗ್ಲಾಸಿನಲ್ಲಿ ತಿರುವುಮುರುವಾಗಿದೆ.

ಬ್ರೂವರಿಯಲ್ಲಿ ಕೆಲಸ ಮಾಡುವವನು ನಾನು, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಆ ವಾಸನೆ ಡೈಅಸಿಟೈಲ್ ಎಂಬ ರಾಸಾಯನಿಕದ್ದು. ಹುದುಗುವಾಗ ಹುಟ್ಟುತ್ತದೆ, ಸಮಯ ಕೊಟ್ಟರೆ ಯೀಸ್ಟೇ ಅದನ್ನು ಹೀರಿಕೊಳ್ಳುತ್ತದೆ. ಪಿಲ್ಸ್ನರ್ ಲಾಗರ್ ಜಾತಿಯದು, ಅಂದರೆ ತಂಪಿನಲ್ಲಿ ನಿಧಾನವಾಗಿ ಹುದುಗುವ ಬಿಯರ್; ಅದು ಹುದುಗುವುದು 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಕೊನೆಯಲ್ಲಿ 15-16ಕ್ಕೆ ಏರಿಸಿ ಎರಡು ಮೂರು ದಿನ ಬಿಟ್ಟು, ಆಮೇಲೆ ಸೊನ್ನೆಯ ಹತ್ತಿರಕ್ಕೆ ಇಳಿಸಿ ವಾರಗಟ್ಟಲೆ ಮಾಗಿಸಬೇಕು. ಗೋಧಿ ಬಿಯರ್ ಎರಡು ಮೂರು ವಾರಕ್ಕೆ ನಲ್ಲಿಗೆ ಬಂದುಬಿಡುತ್ತದೆ. ಇರುವುದು ಬೆರಳೆಣಿಕೆಯ ಟ್ಯಾಂಕು, ವಾರಾಂತ್ಯಕ್ಕೆ ತುಂಬಿದ ಮೇಜುಗಳು; ಮಾಲೀಕರು ಅವಸರಿಸದೆ ಇನ್ನೇನು ಮಾಡುತ್ತಾರೆ? ಬೆಂಗಳೂರಿನಲ್ಲಿ ಗೋಧಿ ಬಿಯರ್ ಮೆರೆಯುವುದಕ್ಕೆ ರುಚಿಗಿಂತ ಈ ಲೆಕ್ಕಾಚಾರವೇ ದೊಡ್ಡ ಕಾರಣ ಎಂದು ನನ್ನ ಗುಮಾನಿ.

ಸಂಜೆಗುಟುಕು:
ಟ್ಯಾಂಕಿನಿಂದ ನಲ್ಲಿಗೆ ಬಿಯರ್ ತರುವ ಪೈಪನ್ನೂ ಮರೆಯಬೇಡಿ. ತೊಳೆಯದ ಪೈಪಿನ ಬ್ಯಾಕ್ಟೀರಿಯಾ ಕೂಡ ಇದೇ ವಾಸನೆ ಹುಟ್ಟಿಸುತ್ತದೆ, ಸಾಮಾನ್ಯವಾಗಿ ಹುಳಿಯನ್ನೂ ಸೇರಿಸುತ್ತದೆ. ಹುಳಿ ಇತ್ತೇ?

ಹೊಳೆದಂಡೆ:
ಇರಲಿಲ್ಲ. ಪಕ್ಕದ ನಲ್ಲಿಯ ಗೋಧಿ ಬಿಯರ್ ಚೆನ್ನಾಗಿಯೇ ಇತ್ತು.

ಮಾಲ್ಟ್‌ಮೂಟೆ:
ಅದು ಬೇರೆ ಪೈಪು, ಅದರಿಂದ ಏನೂ ತೀರ್ಮಾನವಾಗದು. ಹುಳಿ ಇಲ್ಲವೆಂದ ಮೇಲೆ ನನ್ನ ಅನುಮಾನ ಟ್ಯಾಂಕಿನ ಮೇಲೆಯೇ. ಮುಂದಿನ ಸಲ ಬ್ರೂವರ್ ಕಣ್ಣಿಗೆ ಬಿದ್ದರೆ ಟ್ಯಾಂಕಿನಿಂದ ನೇರವಾಗಿ ಒಂದು ಗುಟುಕು ಕೇಳಿ. ಕೆಲಸದ ಮೇಲೆ ಅಭಿಮಾನವಿರುವವರು ಖುಷಿಯಿಂದ ಕೊಡುತ್ತಾರೆ. ಕೊಡದಿದ್ದರೆ ಆ ಗೋಧಿ ಬಿಯರನ್ನೇ ಕುಡಿದು ಬನ್ನಿ.