ಎಲೆ ನೆಟ್ಟಗೆ ನಿಂತರೆ ಬಿಸಿಲು ಪೋಲೇ?

ಪ್ರಶ್ನೆ (ಬ್ರಹ್ಮಾವರದ ಕೃಷಿಕ): ಮೇಡಂ, ಈ ಸಲ ಏಣಿಲು (ಮಳೆಗಾಲದ) ಬೆಳೆಗೆ ಗಿಡ್ಡ ತಳಿಯ ಭತ್ತದ ನೇಜಿ ನೆಟ್ಟಿದ್ದೇನೆ. ಎಲೆಗಳು ಕತ್ತಿಯ ಹಾಗೆ ನೆಟ್ಟಗೆ ನಿಂತಿವೆ. ಅಪ್ಪ ಬೆಳೆಯುತ್ತಿದ್ದ ಎತ್ತರದ ತಳಿಯಲ್ಲಿ ಎಲೆ ಬಾಗಿ ಗದ್ದೆಯೇ ಮುಚ್ಚಿಹೋಗುತ್ತಿತ್ತು. ಹೀಗೆ ನಿಂತರೆ ಬಿಸಿಲು ಪೋಲಾಗುವುದಿಲ್ಲವೇ?

ಉತ್ತರ (ಬೆಳೆ ವಿಜ್ಞಾನಿ): ಒಂದೇ ಎಲೆಯನ್ನು ನೋಡಿದರೆ ನಿಮ್ಮ ಅನುಮಾನ ಸರಿ. ಆಗಸ್ಟ್ 18ರ ಆಸುಪಾಸಿಗೆ ಉಡುಪಿಯಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಮೋಡ ಸರಿದಾಗ ಅಂಗಳದಲ್ಲಿ ಒಂದು ನೋಟ್‌ಬುಕ್ಕನ್ನು ಮಟ್ಟಸವಾಗಿ ಹಿಡಿದು, ಆಮೇಲೆ 60 ಡಿಗ್ರಿ ಓರೆ ಮಾಡಿ. ನೆರಳು ಅರ್ಧಕ್ಕಿಳಿಯುತ್ತದೆ. ಎಲೆಗೆ ಬೀಳುವ ಬಿಸಿಲಿನದೂ ಇದೇ ಕಥೆ.

ಆದರೆ ತೆನೆ ತುಂಬಿಸುವುದು ತುದಿಯ ಎಲೆಯೊಂದೇ ಅಲ್ಲ ಮಾರಾಯರೇ. ನಡುಹಗಲಿನ ಪೂರ್ತಿ ಬಿಸಿಲು ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು. ಮಿಕ್ಕಿದ್ದು ಅಲ್ಲೇ ವ್ಯರ್ಥ. ಮೇಲಿನ ಎಲೆ ಬಾಗಿ ಮುಚ್ಚಿದರೆ ಕೆಳಗಿನ ಎಲೆ ಮಾತ್ರ ಕತ್ತಲಲ್ಲಿ ಕುಳಿತು, ತಯಾರಿಸುವುದಕ್ಕಿಂತ ಹೆಚ್ಚು ತಾನೇ ಉಂಡು, ಹಳದಿಯಾಗುತ್ತದೆ. 1953ರಲ್ಲಿ ಜಪಾನಿನ ಸಸ್ಯವಿಜ್ಞಾನಿಗಳಾದ ಮೋನ್ಸಿ ಮತ್ತು ಸಾಯೆಕಿ, ಎಲೆಗಳ ನಡುವೆ ಬೆಳಕು ಕೆಳಗಿಳಿಯುವ ಬಗೆಯನ್ನು ಸೂತ್ರಕ್ಕೆ ಇಳಿಸಿದರು. ಅದರ ಪ್ರಕಾರ, ಒಂದು ಚದರ ಮೀಟರ್ ಗದ್ದೆಯ ಮೇಲೆ ನಾಲ್ಕು ಚದರ ಮೀಟರ್ ಎಲೆಯಿದ್ದರೆ, ಮಲಗಿದ ಎಲೆಗಳ ಬೆಳೆಯಲ್ಲಿ ಬುಡಕ್ಕೆ ತಲುಪುವುದು ಸುಮಾರು 4 ಶೇಕಡಾ ಬೆಳಕು. ನೆಟ್ಟಗಿನ ಎಲೆಗಳಲ್ಲಿ ಸುಮಾರು 20. ಫಿಲಿಪ್ಪೀನ್ಸಿನಿಂದ 1966ರಲ್ಲಿ ಬಂದ ಐಆರ್ 8 ತಳಿಯ ಗಿಡ್ಡ ಕಾಂಡದ ಜೊತೆಗೆ ಈ ನೆಟ್ಟಗಿನ ಎಲೆಯೂ ಇಳುವರಿಗೆ ಒದಗಿತು.

ಇದಕ್ಕೊಂದು ಬೆಲೆಯೂ ಇದೆ. ನೆಟ್ಟ ಮೊದಲ ತಿಂಗಳು ಎಲೆ ಕಡಿಮೆ, ಬೆಳಕು ನೇರ ನೆಲಕ್ಕೆ ಬಿದ್ದು ಕಳೆ ಏಳುತ್ತದೆ. ಆಗ ಗದ್ದೆಯಲ್ಲಿ ನೀರು ನಿಲ್ಲಿಸಿ. ಯೂರಿಯಾ ಸುರಿಯುವುದು ಬೇಡ, ಹೆಚ್ಚಾದರೆ ಎಲೆ ಜೋತುಬಿದ್ದು ಅಪ್ಪನ ಗದ್ದೆಯ ಹಾಗೆಯೇ ಆಗುತ್ತದೆ. ಅಂದ ಹಾಗೆ, ಜಡಿಮಳೆಯ ದಿನಗಳಲ್ಲಿ ಬೆಳಕು ಎಲ್ಲ ಕಡೆಯಿಂದಲೂ ಬರುವುದರಿಂದ ಓರೆಯ ಲಾಭ ಅಷ್ಟು ಕಾಣಿಸದು.

ಪ್ರಶ್ನೆ (ಅದೇ ಕೃಷಿಕ): ಹಾಗಾದರೆ ಬೇಸಿಗೆಯಲ್ಲಿ ತೋಟದ ಬಾಳೆ ಎಲೆಯ ಎರಡೂ ಮಗ್ಗುಲು ಮಧ್ಯಾಹ್ನ ಕೆಳಗೆ ಮಡಚಿಕೊಳ್ಳುವುದು ರೋಗವಲ್ಲವೇ? ನಾನು ಔಷಧಿ ಹೊಡೆಯಲು ಹೊರಟಿದ್ದೆ.

ಉತ್ತರ: ಔಷಧಿ ಬೇಡ. ಬಿಸಿಲು ಜೋರಾದಾಗ ಬಾಳೆ ತನ್ನ ನೋಟ್‌ಬುಕ್ಕನ್ನು ತಾನೇ ಓರೆ ಮಾಡಿಕೊಳ್ಳುತ್ತದೆ. ಸಂಜೆಗೆ ಬಿಚ್ಚಿಕೊಂಡರೆ ಚಿಂತೆಯಿಲ್ಲ. ಬೆಳಿಗ್ಗೆ ಏಳಕ್ಕೂ ಮಡಚಿಯೇ ಇದ್ದರೆ ಬುಡದ ಮಣ್ಣು ಮುಟ್ಟಿ ನೋಡಿ, ನೀರು ಸಾಲದೆ ಇರಬಹುದು.